ಪಕ್ಕದ ಮೇಜಿನ ಮಾತು

1970ರ ಆಗಸ್ಟ್ 23ರ ರಾತ್ರಿ ನ್ಯೂಯಾರ್ಕಿನ ಮ್ಯಾಕ್ಸಸ್ ಕ್ಯಾನ್ಸಾಸ್ ಸಿಟಿ ಎಂಬ ಕ್ಲಬ್ಬಿನಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡದ ಕಛೇರಿ ನಡೆಯಿತು. ಕೇಳಲು ಬಂದಿದ್ದ ಬ್ರಿಜಿಡ್ ಪೋಕ್ ಅದನ್ನು ತಮ್ಮ ಪುಟ್ಟ ಕ್ಯಾಸೆಟ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. ಅದೇ 1972ರಲ್ಲಿ ಎಲ್.ಪಿ.ಯಾಗಿ ಹೊರಬಂತು.

ಅಚ್ಚುಕಟ್ಟಾದ ನಾದವನ್ನೇ ಬಯಸುವವರಿಗೆ ಇದು ಹಿಡಿಸಲಾರದು. ಲೂ ರೀಡ್ ಹಾಡುತ್ತಾರೆ, ಡಗ್ ಯೂಲ್ ದನಿಗೂಡಿಸುತ್ತಾರೆ. ವಾದ್ಯಗಳೆಲ್ಲ ಒಂದರ ಮೇಲೊಂದು ಬಿದ್ದಂತೆ ಕೇಳುತ್ತವೆ. ತಂಡದ ಡ್ರಮ್ ವಾದಕಿ ಮೋ ಟಕರ್ ಬಸುರಿಯಾಗಿದ್ದ ಕಾರಣ ಡಗ್ ಅವರ ತಮ್ಮ ಬಿಲ್ಲಿ ನುಡಿಸಿದ್ದಾರೆ. ಉತ್ಸಾಹವೇನೋ ಇದೆ, ಆಕೆಯ ಹಿಡಿತವಿಲ್ಲ.

ಆದರೂ ನಾನು ಇದನ್ನು ಮತ್ತೆ ಮತ್ತೆ ಕೇಳುತ್ತೇನೆ. ಹಾಡುಗಳ ನಡುವೆ ಕವಿ ಜಿಮ್ ಕ್ಯಾರಲ್ ಕುಡಿಯಲು ಪೆರ್ನೋ ತರಿಸುವ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಚಪ್ಪಾಳೆಯೋ ಅಲ್ಲಷ್ಟು ಇಲ್ಲಷ್ಟು. ಆ ರಾತ್ರಿಯ ನಂತರ ರೀಡ್ ತಂಡ ಬಿಟ್ಟರು. ದೊಡ್ಡದೊಂದು ಮುಗಿಯುತ್ತಿದ್ದಾಗ ಪಕ್ಕದಲ್ಲಿದ್ದವರಿಗೆ ಬಾಯಾರಿಕೆಯ ಚಿಂತೆ!

ಇದು ಅವಮಾನವೆಂದು ನನಗನ್ನಿಸುವುದಿಲ್ಲ. ಅದೇ ನವೆಂಬರಿನಲ್ಲಿ ಬಂದ 'ಲೋಡೆಡ್' ಸ್ಟುಡಿಯೋದಲ್ಲಿ ತಿದ್ದಿ ತೀಡಿದ್ದು; ಅಲ್ಲಿ ಹಾಡಿದವರಷ್ಟೇ ಇದ್ದಾರೆ, ಕೇಳಿದವರಿಲ್ಲ. ಈ ತಂಡಕ್ಕೆ ಅದರ ಕಾಲದಲ್ಲಿ ಸಿಕ್ಕಿದ್ದು ಎಷ್ಟು ಸಣ್ಣ ಸಭೆ, ಎಂಥ ಅರೆಗಿವಿ ಎಂಬುದನ್ನು ಈ ಕ್ಯಾಸೆಟ್ ಮುಚ್ಚಿಡದೆ ಹೇಳುತ್ತದೆ. ಆ ಮಾತುಗಳನ್ನು ಅಳಿಸಿಬಿಟ್ಟಿದ್ದರೆ ನಮಗೆ ಒಂದು ಕಳಪೆ ಮುದ್ರಣವಷ್ಟೇ ಉಳಿಯುತ್ತಿತ್ತು.