ಯಶೋಧರ ಕೇಳದೇ ಹೋದ ಪ್ರಶ್ನೆ

ಜನ್ನನ ‘ಯಶೋಧರ ಚರಿತೆ’ಯ ಪಾಠ ನಡೆಯುವ ತರಗತಿಗಳಲ್ಲಿ ಚರ್ಚೆಯೆಲ್ಲ ಕೊನೆಗೆ ಅಮೃತಮತಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಅರಮನೆಯ ರಾಣಿ ರಾತ್ರಿ ಕೇಳಿದ ಒಂದು ಹಾಡಿಗೆ ಸೋತು ಕುರೂಪಿ ಮಾವುತ ಅಷ್ಟವಂಕನ ಹಿಂದೆ ಹೋದದ್ದೇಕೆ? ನಾನು ಎಂ.ಎ. ಓದುವಾಗಲೂ ಇದೇ ಜಗಳ. ಕೆಲವರು ಅವಳನ್ನು ಜಾರೆ ಅಂದರು, ಕೆಲವರು ಬಂಡಾಯಗಾರ್ತಿ ಅಂದರು. ಯಶೋಧರನನ್ನು ಮಾತ್ರ ‘ಮೋಸಹೋದ ಗಂಡ, ಪಾಪ’ ಎಂದು ಅಲ್ಲೇ ಬಿಟ್ಟೆವು. ಎಷ್ಟೋ ವರ್ಷಗಳ ಮೇಲೆ ಮತ್ತೆ ಓದಿದಾಗ, 1209ರ ಈ ಪುಟ್ಟ ಕಾವ್ಯದ ದೊಡ್ಡ ಒಗಟು ಅವನೇ ಅನ್ನಿಸಿತು.

ಅವನು ಮಾಡುವುದನ್ನು ಗಮನಿಸಿ. ಮಂಚದಿಂದ ಎದ್ದುಹೋದ ಹೆಂಡತಿಯನ್ನು ಕತ್ತಿ ಹಿಡಿದು ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುವುದನ್ನೂ, ಅವಳು ಅವನನ್ನೇ ಬೇಡಿಕೊಳ್ಳುವುದನ್ನೂ ಕಾಣುತ್ತಾನೆ. ಕತ್ತಿ ಮೇಲೇಳುತ್ತದೆ. ಶತ್ರುರಾಜರಿಗೆಂದು ಇರುವ ಕತ್ತಿಯನ್ನು ಇಂಥವರ ಮೇಲೆ ಬೀಸುವುದೇ ಎಂಬ ಯೋಚನೆ ಬಂದು ಕೈ ತಡೆಯುತ್ತದೆ. ಸದ್ದಿಲ್ಲದೆ ಬಂದು ಮಲಗುತ್ತಾನೆ. ಅವಳೂ ಬಂದು ಪಕ್ಕದಲ್ಲಿ ಮಲಗುತ್ತಾಳೆ. ‘ಎಲ್ಲಿಗೆ ಹೋಗಿದ್ದೆ?’ ಎಂದು ಅವನು ಕೇಳುವುದಿಲ್ಲ. ಕಾವ್ಯದುದ್ದಕ್ಕೂ ಅವಳ ಎದುರು ನಿಂತು ಆ ಪ್ರಶ್ನೆ ಕೇಳುವುದೇ ಇಲ್ಲ.

ಇದನ್ನು ಸಂಯಮ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕ್ಷಮೆಯಾಗಿದ್ದರೆ ಸಂಯಮ ಎನ್ನಬಹುದಿತ್ತು. ಇಲ್ಲಿ ಕೈ ತಡೆದದ್ದು ಕರುಣೆಯಲ್ಲ, ಅಂತಸ್ತು. ಫ್ರಾಯ್ಡ್ 1922ರ ಒಂದು ಪ್ರಬಂಧದಲ್ಲಿ ಹೊಟ್ಟೆಕಿಚ್ಚನ್ನು ಬಿಡಿಸಿ ನೋಡುತ್ತಾನೆ. ಅದರಲ್ಲಿ ಪ್ರಿಯರನ್ನು ಕಳೆದುಕೊಳ್ಳುವ ದುಃಖವಿದೆ, ಎದುರಾಳಿಯ ಮೇಲಿನ ದ್ವೇಷವಿದೆ, ಜೊತೆಗೆ ತನ್ನ ಬಗ್ಗೆ ತಾನು ಇಟ್ಟುಕೊಂಡ ಅಭಿಮಾನಕ್ಕೆ ಬಿದ್ದ ಗಾಯವೂ ಇದೆ. ಯಶೋಧರನಲ್ಲಿ ಈ ಕೊನೆಯದೇ ದೊಡ್ಡದು. ಎದುರಾಳಿ ಚೆಲುವನಾಗಿದ್ದರೆ ‘ಅವನಲ್ಲಿ ಇದಿತ್ತು, ನನ್ನಲ್ಲಿ ಇರಲಿಲ್ಲ’ ಎಂಬ ಲೆಕ್ಕವಾದರೂ ಸಿಗುತ್ತಿತ್ತು. ಅಷ್ಟವಂಕ ಆ ಸಮಾಧಾನವನ್ನೂ ಕೊಡುವುದಿಲ್ಲ. ಒಲಿದ ಮೇಲೆ ರೂಪದ ಮಾತೇಕೆ ಎಂದು ಅಮೃತಮತಿ ಕೆಳದಿಗೆ ಹೇಳಿಬಿಟ್ಟಿದ್ದಾಳೆ. ರಾಜನಿಗೆ ಗೊತ್ತಿರುವ ಯಾವ ಅಳತೆಗೋಲೂ ಅಲ್ಲಿ ನಡೆಯದು.

ನುಂಗಿದ್ದು ಹೊಟ್ಟೆಯಲ್ಲಿ ಉಳಿಯುವುದಿಲ್ಲವಲ್ಲ. ಮರುದಿನ ಸರಸದ ನೆಪದಲ್ಲಿ ಅವಳಿಗೆ ನೈದಿಲೆ ಹೂವಿನಿಂದ ಹೊಡೆಯುತ್ತಾನೆ, ಅವಳು ಮೂರ್ಛೆ ಬಂದಂತೆ ನಟಿಸುತ್ತಾಳೆ. ರಾತ್ರಿ ಮಾವುತನ ಪೆಟ್ಟು ತಿಂದವಳು, ಹಗಲು ಹೂವಿಗೆ ಬೀಳುತ್ತಾಳೆ! ಜನ್ನನ ವ್ಯಂಗ್ಯಕ್ಕೆ ಇಲ್ಲಿ ಎಲ್ಲರೂ ನಗುತ್ತಾರೆ. ನನಗೆ ನಗು ಬರಲಿಲ್ಲ. ಒಂದು ಕಾಲದಲ್ಲಿ ನನ್ನ ಅತ್ಯಂತ ಹತ್ತಿರದ ಗೆಳೆಯ ಇನ್ನೊಬ್ಬರ ಜೊತೆ ಹೆಚ್ಚು ಓಡಾಡತೊಡಗಿದಾಗ ನಾನು ಅವನನ್ನು ಏನೂ ಕೇಳಲಿಲ್ಲ. ನಾಲ್ಕು ಜನ ಸೇರಿದಲ್ಲಿ ಅವನ ಮೇಲೆ ಜೋಕು ಮಾಡುತ್ತಿದ್ದೆ. ‘ತಮಾಷೆಗೆ ಕಣೋ’ ಅನ್ನುತ್ತಿದ್ದೆ. ಅವನೂ ನಗುತ್ತಿದ್ದ. ಆಮೇಲೆ ಬರುವುದನ್ನೇ ಬಿಟ್ಟ. ಆ ಜೋಕುಗಳು ಎಂಥ ನೈದಿಲೆಗಳು ಎಂದು ನನಗೆ ಹೊಳೆದದ್ದು ಈ ಪದ್ಯಗಳ ಮುಂದೆ ಕೂತಾಗ.

ಮುಂದಿನ ಹೆಜ್ಜೆ ಇನ್ನೂ ವಿಚಿತ್ರ. ಮಗನ ಮುಖ ಬಾಡಿದ್ದನ್ನು ಕಂಡು ತಾಯಿ ಚಂದ್ರಮತಿ ಕೇಳುತ್ತಾಳೆ. ಕಂಡದ್ದನ್ನು ಅವಳಿಗೂ ಹೇಳಲಾಗದೆ ಅವನು ಕೆಟ್ಟ ಕನಸಿನ ಕತೆ ಕಟ್ಟುತ್ತಾನೆ. ಕನಸಿಗೆ ಶಾಂತಿಯಾಗಬೇಕು, ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲು ಮಗ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಹುಂಜ ಎಂಬ ರಾಜಿ. ಕತ್ತರಿಸಿದಾಗ, ಒಳಗೆ ಸೇರಿದ್ದ ಬೆಂತರದಿಂದಾಗಿ ಆ ಹಿಟ್ಟು ಕೂಗುತ್ತದೆ.

ಸಂಕಲ್ಪದಲ್ಲಿ ಮಾಡಿದ ಹಿಂಸೆಯೂ ಹಿಂಸೆಯೇ ಎಂಬ ಜೈನ ನಿಲುವಿಗೆ ಇದು ಉದಾಹರಣೆ ಎಂದು ನಮಗೆ ಪಾಠ ಹೇಳಿದ್ದರು. ಅದು ಸರಿಯೇ. ಆದರೆ ಆ ಸಂಕಲ್ಪ ಹುಟ್ಟಿದ್ದು ದೇವಿಯ ಗುಡಿಯಲ್ಲಲ್ಲ, ಹಿಂದಿನ ರಾತ್ರಿ ಕತ್ತಿ ಎತ್ತಿದಾಗ. ಬೀಳದೆ ನಿಂತ ಆ ಕತ್ತಿ ಮೊದಲು ಹೂವಾಯಿತು, ಆಮೇಲೆ ಕನಸಾಯಿತು, ಕೊನೆಗೆ ಬಿದ್ದದ್ದು ಹಿಟ್ಟಿನ ಮೇಲೆ. ಹುಂಜದ ಕೂಗಿನಲ್ಲಿ ನನಗೆ ಕೇಳುವುದು ಆ ಕೇಳದ ಪ್ರಶ್ನೆಯೇ.

ಮುಂದೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಇಲ್ಲಿ ಜನ್ನನ ಬಗ್ಗೆ ನನ್ನದೊಂದು ತಕರಾರಿದೆ: ಹೊಡೆಯುವವನಿಗೇ ಅಂಟಿಕೊಂಡ ಹೆಣ್ಣಿನ ಒಳಗನ್ನು ಅಷ್ಟು ಹತ್ತಿರದಿಂದ ಕಂಡ ಕವಿ, ಕೊನೆಗೆ ಅವಳನ್ನು ಬರೀ ಪಾಪಿಯಾಗಿಸಿ ಕೈತೊಳೆದುಕೊಳ್ಳುತ್ತಾನೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಇದೇ ನಾಲ್ವರನ್ನು ರಂಗಕ್ಕೆ ತಂದಾಗ ರಾಜ-ರಾಣಿಯರನ್ನು ಮುಖಾಮುಖಿ ನಿಲ್ಲಿಸಿ ಮಾತಾಡಿಸಿದರು. ಜನ್ನನಲ್ಲಿ ನನಗೆ ಕಾಡಿದ ಕೊರತೆ ಅವರಿಗೂ ಕಾಡಿರಬೇಕು.

ಜನ್ನನ ಯಶೋಧರನಿಗೆ ಸಾವೂ ಬಿಡುಗಡೆ ಕೊಡುವುದಿಲ್ಲ. ನವಿಲಾಗಿ ಅದೇ ಅರಮನೆಗೆ ಬರುತ್ತಾನೆ. ಹಳೆಯ ಜನ್ಮ ನೆನಪಾಗಿ, ಜೊತೆಯಲ್ಲಿದ್ದ ಆ ಇಬ್ಬರ ಮೇಲೆ ಎರಗುತ್ತಾನೆ. ರಾಜನಾಗಿ ಮಾಡದ್ದನ್ನು ಹಕ್ಕಿಯಾಗಿ ಮಾಡುತ್ತಾನೆ. ಹೀಗೆ ಹಲವು ಜನ್ಮ ಸವೆಸಿ ಅಭಯರುಚಿ ಎಂಬ ಹುಡುಗನಾಗುತ್ತಾನೆ. ಮಾರಿದತ್ತನೆಂಬ ರಾಜ ಅವನನ್ನು ಬಲಿಗೆಂದು ಹಿಡಿಸಿ ತರಿಸಿದ್ದಾನೆ. ನಾವು ಓದುವ ಕತೆಯೆಲ್ಲ ಆಗ ಆ ಹುಡುಗ ಹೇಳಿದ್ದು. ತಾಯಿಗೂ ಹೆಂಡತಿಗೂ ಹೇಳಲಾಗದ ಆ ರಾತ್ರಿಯ ಸಂಗತಿಯನ್ನು, ತನ್ನನ್ನು ಕೊಲ್ಲಲು ನಿಂತ ಒಬ್ಬ ಅಪರಿಚಿತನಿಗೆ, ಒಂದನ್ನೂ ಮುಚ್ಚಿಡದೆ ಹೇಳುತ್ತಾನೆ.