ಹಳ್ಳಿಯ ಹಾಡು, 47 ತಂತಿಗಳು

ಕೀರ್ತನೆಗಳಲ್ಲಿ ಬರುವ ‘ಕಿನ್ನರಿ’ ಎಂಬ ಪದ ನಿಮಗೆ ಚಿರಪರಿಚಿತ. ದಾವೀದನ ಆ ತಂತಿವಾದ್ಯದ ದೂರದ ಬಂಧುವೆಂದರೆ ಪಾಶ್ಚಾತ್ಯ ಸಂಗೀತ ಸಭೆಗಳ ಹಾರ್ಪ್. ಹಂಗೇರಿಯ ಹಳ್ಳಿಹಾಡುಗಳಿಂದ ಹುಟ್ಟಿದ ಶಾಸ್ತ್ರೀಯ ಕೃತಿಗಳನ್ನು ಈ ಒಂದೇ ವಾದ್ಯಕ್ಕೆ ಅಳವಡಿಸಿ ನುಡಿಸುವ ಕಲಾವಿದರಿದ್ದಾರೆ. ಕೇಳಲು ಅದು ಬಲು ಇಂಪು. ಆದರೆ ಹಾಡಿನ ಸತ್ವ ಆ ಇಂಪಿನಲ್ಲಿ ಉಳಿಯಿತೇ, ಕರಗಿತೇ ಎಂಬುದೇ ವಿಮರ್ಶೆಯ ಪ್ರಶ್ನೆ.

ಮೂಲವನ್ನು ಮೊದಲು ನೋಡೋಣ. 1904ರಲ್ಲಿ ಬೇಲಾ ಬಾರ್ತೋಕ್ ಎಂಬ ತರುಣ ಸಂಗೀತಗಾರ, ಟ್ರಾನ್ಸಿಲ್ವೇನಿಯಾ ಸೀಮೆಯಿಂದ ಬಂದ ಮನೆಗೆಲಸದ ಹೆಣ್ಣುಮಗಳೊಬ್ಬಳ ಹಾಡನ್ನು ಕೇಳಿ ಬೆರಗಾದನು. ಮುಂದೆ ಗೆಳೆಯ ಜೊಲ್ತಾನ್ ಕೊದಾಯ್‌ನೊಡನೆ ಸೇರಿ ಹಾಡುಗಳ ಸಂಗ್ರಹಕ್ಕೆ ತೊಡಗಿದನು. ಫೋನೋಗ್ರಾಫ್ ಯಂತ್ರದ ಮೇಣದ ಉರುಳೆಗಳ ಮೇಲೆ ರೈತರ ಕಂಠವನ್ನು ಹಿಡಿದಿಟ್ಟರು. 1906ರಲ್ಲಿ ಇಬ್ಬರೂ ಕೂಡಿ 20 ಹಾಡುಗಳನ್ನು ಪಿಯಾನೋ ಸಂಗಡ ಪ್ರಕಟಿಸಿದರು. ನಗರದ ಮೇಳಗಳು ನುಡಿಸುತ್ತಿದ್ದುದಕ್ಕಿಂತ ಬೇರೆಯಾದ, ಅದಕ್ಕಿಂತ ಹಳೆಯದಾದ ಪದರವೊಂದು ಅವರಿಗೆ ದೊರೆಯಿತು. ಅದು ಐದೇ ಸ್ವರಗಳದ್ದು. ನಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಗಳೂ ಅವೇ ಎಂಬುದು ಸೋಜಿಗದ ಸಂಗತಿ.

ಹಾರ್ಪ್‌ನಲ್ಲಿ 47 ತಂತಿಗಳು, 7 ಪೆಡಲುಗಳು. ಸೆಬಾಸ್ಟಿಯನ್ ಎರಾರ್ 1810ರಲ್ಲಿ ರೂಪಿಸಿದ ಏರ್ಪಾಡಿನಂತೆ, ಪ್ರತಿ ಸ್ವರಕ್ಕೂ ಒಂದು ಪೆಡಲು; ಪ್ರತಿ ಪೆಡಲಿಗೂ ಮೂರು ನೆಲೆ. ಐದು ಸ್ವರಗಳ ಹಾಡನ್ನು ನುಡಿಸಲು ಕಾಲಿಗೆ ಹೆಚ್ಚಿನ ಕೆಲಸವಿಲ್ಲ. ತೊಡಕಿರುವುದು ಬಾರ್ತೋಕ್ ಹಾಡಿನ ಅಡಿಯಲ್ಲಿ ಇರಿಸಿದ ಸ್ವರಮೇಳದಲ್ಲಿ. ಹಾಡಿನ ಒರಟುತನ ಕಾಣಲೆಂದು ಆತ ಬೇಕೆಂದೇ ಕಟುವಾದ ಸ್ವರಗಳನ್ನು ಜೋಡಿಸಿದನು. ಅವನ್ನು ಹಾರ್ಪ್‌ನಲ್ಲಿ ನುಡಿಸಬೇಕಾದರೆ ಪೆಡಲುಗಳನ್ನು ಮತ್ತೆ ಮತ್ತೆ ಬದಲಿಸಬೇಕು. ಶ್ರಮಕ್ಕೆ ಹಿಂಜರಿದವನು ಕಟು ಸ್ವರವನ್ನು ಕೈಬಿಟ್ಟು, ಆ ಜಾಗದಲ್ಲಿ ತಂತಿಗಳ ಮೇಲೆ ಬೆರಳು ಜಾರಿಸಿ ಮಾಧುರ್ಯವನ್ನು ಸುರಿಯುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ; ಹಳ್ಳಿಯವಳ ದನಿ ಮಾತ್ರ ಅಡಗುತ್ತದೆ.

ಹಾಗೆಂದು ಈ ಪ್ರಯತ್ನವೇ ವ್ಯರ್ಥವೆನ್ನಲಾಗದು. 1908-09ರಲ್ಲಿ ಬಾರ್ತೋಕ್ ಎಳೆಯ ಪಿಯಾನೋ ವಿದ್ಯಾರ್ಥಿಗಳಿಗಾಗಿ ರಚಿಸಿದ ‘ಮಕ್ಕಳಿಗಾಗಿ’ ಎಂಬ ಕಿರುಕೃತಿಗಳ ಮಾಲೆಯನ್ನು ಗಮನಿಸಿ. ಅಲ್ಲಿ ಸ್ವರಗಳು ವಿರಳ, ನಡುವೆ ಮೌನಕ್ಕೆ ಎಡೆಯಿದೆ. ಮಾತಿನಂತೆ ತಡೆದು ತಡೆದು ಸಾಗುವ ನಿಧಾನದ ಹಾಡಿಗೆ, ಮೀಟಿದೊಡನೆ ಕ್ಷೀಣಿಸತೊಡಗುವ ಹಾರ್ಪ್ ನಾದ ಚೆನ್ನಾಗಿ ಒಪ್ಪುತ್ತದೆ. ಕುಣಿತದ ಹಾಡಿನಲ್ಲಿ ಇದೇ ಗುಣ ಅಡ್ಡಿಯಾಗುತ್ತದೆ: ಹಿಂದಿನ ಸ್ವರದ ಗುಂಗು ಮುಂದಿನ ಹೆಜ್ಜೆಯನ್ನು ಮಸುಕಾಗಿಸುತ್ತದೆ. ಅಂಗೈಯಿಂದ ತಂತಿಯನ್ನು ಸಕಾಲದಲ್ಲಿ ಸುಮ್ಮನಾಗಿಸಬಲ್ಲವನೇ ಅಲ್ಲಿ ಗೆಲ್ಲುವನು. ಏನನ್ನು ಸೇರಿಸಿದ ಎಂಬುದಕ್ಕಿಂತ ಏನನ್ನು ತಡೆದ ಎಂಬುದರಲ್ಲಿ ಅಳವಡಿಕೆಯ ಯೋಗ್ಯತೆ ತಿಳಿಯುತ್ತದೆ.

ಕೆ. ಹೊಸಕೋಟೆ, ಆಲೂರು, ಸಕಲೇಶಪುರದ ಸುತ್ತಲಿನ ನಮಗೆ ಇದರಿಂದೇನು ಎಂದು ನೀವು ಕೇಳಬಹುದು. ಸುಗ್ಗಿಯ ಪದ, ಸೋಬಾನೆ, ರಾಗಿ ಬೀಸುವ ಪದ ನಮ್ಮ ಸೀಮೆಯ ಆಸ್ತಿ. ಇದೇ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಹಾಡುಗಳು’ ಸಂಗ್ರಹಿಸಿ ಪದಗಳನ್ನು ಉಳಿಸಿಕೊಟ್ಟರು. ಆದರೆ ಅಚ್ಚಾದ ಪದ ತನ್ನ ಮಟ್ಟನ್ನು ತಾನೇ ಹೇಳಲಾರದು. ಅದು ಹಾಡುವವರ ಕೊರಳಿನಲ್ಲಿರುತ್ತದೆ. 1963ರ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನವೂ ಜನಾಂಗಗಳ ಸ್ವಂತ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಸಲ್ಲಬೇಕೆಂದು ಹೇಳಿದೆ. ಇಂದು ಜಾನಪದ ಮಟ್ಟಿನ ಗೀತೆಯೊಂದು ಗಾಯನ ವೃಂದಕ್ಕೆ ಬಂದರೆ, ಕೀಬೋರ್ಡಿನ ಸಿದ್ಧತಾಳಕ್ಕೆ ಅದನ್ನು ಕಟ್ಟಿಹಾಕುವುದು ಸುಲಭ. ಹಾಡುವವಳು ಉಸಿರೆಳೆಯುವ ಎಡೆ, ಸಾಲಿನ ಕೊನೆಯ ಎಳೆತ, ಎರಡು ಸ್ವರಗಳ ನಡುವಿನ ಜಾರು ಎಲ್ಲವೂ ಆಗ ಸಮತಟ್ಟಾಗುತ್ತವೆ.

ಬಾರ್ತೋಕ್ ಮೊದಲು ಕೇಳಿದನು, ಬಳಿಕ ಬರೆದನು. ನಾವೂ ವಾದ್ಯಕ್ಕೆ ಕೈಹಾಕುವ ಮುನ್ನ ಮನೆಯ ಅಜ್ಜಿಯರ ಬಳಿ ಕುಳಿತು ಕೇಳೋಣ. ಮೇಣದ ಉರುಳೆ ಬೇಕಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ಆದರೆ ಅಜ್ಜಿಯರು ಬಹಳ ಕಾಲ ಕಾಯಲಾರರು.