ಒಳಬರುವ ಕರೆಗೆ ಎಷ್ಟು?

ಹೊಸ ಫೋನು ಮಾರುಕಟ್ಟೆಗೆ ಬಂದ ದಿನವೇ ಯೂಟ್ಯೂಬಿನಲ್ಲಿ ಅದರ ವಿಮರ್ಶೆಯೂ ಬಂದಿರುತ್ತದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಪರದೆ ಎಷ್ಟು ಹರ್ಟ್ಸ್, ಗೇಮ್ ಆಡಿದರೆ ಎಷ್ಟು ಬಿಸಿಯಾಗುತ್ತದೆ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಹುಲ್ಲಹಳ್ಳಿಯ ಆಚೆ ಯಾವುದೋ ಹಳ್ಳಿಯ ನಡುಮನೆಯಲ್ಲಿಟ್ಟರೆ ಇದು ರಿಂಗಾಗುತ್ತದೆಯೇ ಎಂಬುದೊಂದು ಸಿಗುವುದಿಲ್ಲ. ಆ ವಿಡಿಯೊಗಳನ್ನು ನಾನು ಬಿಡದೆ ನೋಡುವವನೇ. ಸೆಟ್ಟಿನ ಹುಚ್ಚು ನೋಕಿಯಾ 1100ರ ಕಾಲದಿಂದ ಅಂಟಿಕೊಂಡಿದೆ. ಆದರೆ ನಂಜನಗೂಡಿನಲ್ಲಿ ಕೂತು ನೋಡುವಾಗ ಆ ವಿಮರ್ಶೆಗಳಲ್ಲಿ ಅರ್ಧ ವಿಷಯವೇ ಬಿಟ್ಟುಹೋಗಿದೆ ಅನ್ನಿಸುತ್ತದೆ. ಕೈಯಲ್ಲಿರುವ ಸೆಟ್ಟು ಅರ್ಧ ಫೋನು. ಮಿಕ್ಕ ಅರ್ಧ ಟವರಿನಲ್ಲಿ, ಸಿಮ್ಮಿನಲ್ಲಿ, ಕರೆನ್ಸಿಯಲ್ಲಿ ಇರುತ್ತದೆ. ಆ ಮಿಕ್ಕ ಅರ್ಧವನ್ನೇ ಇಲ್ಲಿ ತೂಗಿ ನೋಡಬೇಕೆಂದಿದ್ದೇನೆ, ಅದರಲ್ಲೂ ಒಂದೇ ಬಾಬತ್ತನ್ನು: ಇನ್‌ಕಮಿಂಗು.

1995ರ ಜುಲೈ 31ರಂದು ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆ ಕಾಲದಲ್ಲಿ ಕರೆ ಮಾಡಿದವರೂ ದುಡ್ಡು ಕೊಡಬೇಕಿತ್ತು, ಎತ್ತಿಕೊಂಡವರೂ ಕೊಡಬೇಕಿತ್ತು. ನಮ್ಮ ರಾಜ್ಯದಲ್ಲಿ ಜೆಟಿಎಂ ಮತ್ತು ಸ್ಪೈಸ್ ಎಂಬ ಎರಡು ಕಂಪನಿಗಳಿದ್ದಾಗ ಮೊಬೈಲ್ ಇಟ್ಟುಕೊಂಡವರು ಬಂದ ಕರೆಯ ನಂಬರ್ ನೋಡಿ, ಕತ್ತರಿಸಿ, ಹತ್ತಿರದ ಎಸ್‌ಟಿಡಿ ಬೂತಿಗೆ ಹೋಗಿ ವಾಪಸ್ ಮಾಡುತ್ತಿದ್ದರು. ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡ ಫೋನು ಆಗ ಪೇಜರಿನ ಕೆಲಸ ಮಾಡುತ್ತಿತ್ತು.

2003ರ ಮೇ 1ರಿಂದ ಇದು ಬದಲಾಯಿತು. ಕರೆ ಮಾಡುವವರು ಮಾತ್ರ ದುಡ್ಡು ಕೊಡಬೇಕು, ಒಳಬರುವ ಕರೆ ಉಚಿತ ಎಂಬ ಏರ್ಪಾಡು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನಿಂದ ಬಂತು. ಈ ಮೂವತ್ತು ವರ್ಷಗಳಲ್ಲಿ ಬಂದ ಯಾವ ತಂತ್ರಜ್ಞಾನವೂ, 4ಜಿ, 5ಜಿ ಸೇರಿಸಿಕೊಂಡೇ ಹೇಳುತ್ತಿದ್ದೇನೆ, ಈ ಒಂದು ನಿಯಮದಷ್ಟು ದೊಡ್ಡ ಕೆಲಸ ಮಾಡಿಲ್ಲ. ಬಾಳೆ ತೋಟದ ಕಾವಲಿನವನ ಕೈಗೂ ಫೋನು ಬಂದದ್ದು ಆಗ. ಮಿಸ್ ಕಾಲ್ ಎಂಬ ಮಹಾ ಉಪಾಯ ಹುಟ್ಟಿದ್ದೂ ಆಗಲೇ. ಒಂದು ರಿಂಗು ಕೊಟ್ಟರೆ ‘ಬಸ್ಸು ಹತ್ತಿದೆ’, ಎರಡು ಕೊಟ್ಟರೆ ‘ಮೋಟಾರು ಆಫ್ ಮಾಡು’ ಎಂದು ಮನೆಮನೆಗೂ ಒಂದು ಸಂಕೇತವಿತ್ತು. ಕಂಪನಿಯ ಜಾಲವನ್ನು ಕಾಸು ಕೊಡದೆ ಬಳಸುವ ಈ ಜಾಣತನವನ್ನು ಯಾವ ಎಂಜಿನಿಯರೂ ಕಲಿಸಿಕೊಟ್ಟಿರಲಿಲ್ಲ.

ಉಚಿತ ಎಂದರೂ ಒಳಗೆ ಒಂದು ಲೆಕ್ಕ ನಡೆಯುತ್ತಿತ್ತು. ಬೆಂಗಳೂರಿನ ಮಗ ಒಂದು ಕಂಪನಿಯ ಸಿಮ್ಮಿನಿಂದ ತಿ. ನರಸೀಪುರದ ತಾಯಿಯ ಇನ್ನೊಂದು ಕಂಪನಿಯ ನಂಬರಿಗೆ ಫೋನ್ ಮಾಡಿದರೆ, ಮಗನ ಕಂಪನಿ ತಾಯಿಯ ಕಂಪನಿಗೆ ನಿಮಿಷಕ್ಕೆ ಇಷ್ಟು ಪೈಸೆ ಎಂದು ಕೊಡಬೇಕಿತ್ತು. ಈ ದರ 2009ರಲ್ಲಿ 20 ಪೈಸೆ, 2015ರಲ್ಲಿ 14 ಪೈಸೆ. ಅಂದರೆ ತಾಯಿ ತಾನಾಗಿ ಒಂದು ಕರೆಯನ್ನೂ ಮಾಡದಿದ್ದರೂ ಆಕೆ ನಷ್ಟದ ಗಿರಾಕಿಯಾಗಿರಲಿಲ್ಲ. ಅವಳ ನಂಬರು ರಿಂಗಾದಾಗಲೆಲ್ಲ ಅವಳ ಕಂಪನಿಗೆ ಅಷ್ಟಿಷ್ಟು ಸಂಪಾದನೆ ಇತ್ತು. ಇನ್‌ಕಮಿಂಗ್ ಧರ್ಮಕ್ಕೆ ಬರುತ್ತಿತ್ತು ಎಂದು ಈಗ ವಾದಿಸುವವರು ಈ ಲೆಕ್ಕವನ್ನು ಮರೆತಿದ್ದಾರೆ, ಇಲ್ಲವೇ ಮರೆತಂತೆ ಮಾಡುತ್ತಿದ್ದಾರೆ.

ಪೈಪೋಟಿಯ ಆ ದಶಕ ನನ್ನಂಥವರಿಗೆ ಹಬ್ಬ. ಬಿಎಸ್‌ಎನ್‌ಎಲ್‌ನ ಸೆಲ್‌ಒನ್ ಸಿಮ್ಮಿಗೆ ಜನ ಸಾಲು ನಿಂತರು. ರಿಲಯನ್ಸ್ 501 ರೂಪಾಯಿಗೆ ಸೆಟ್ಟನ್ನೇ ಕೈಗಿಟ್ಟಿತು. ಹಚ್ ತನ್ನ ನಾಯಿಮರಿಯನ್ನು ಹುಡುಗನ ಹಿಂದೆ ಓಡಿಸಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದು ಸಾರಿದ್ದೇ ಉಳಿದವರೆಲ್ಲ ಅದೇ ದಾರಿಗೆ ಬರಬೇಕಾಯಿತು. ನನ್ನ ಮಟ್ಟಿಗೆ ಈ ದೇಶದಲ್ಲಿ ಮಾರಾಟವಾದ ಅತ್ಯಂತ ಪ್ರಾಮಾಣಿಕ ಪ್ಲಾನು ಅದು: ಆಡಿದ ಮಾತಿಗೆ ಮಾತ್ರ ದುಡ್ಡು. ಅದಕ್ಕೂ ಮೊದಲೇ, 2005ರ ಕೊನೆಯಲ್ಲಿ, ‘ಲೈಫ್‌ಟೈಮ್’ ಬಂದಿತ್ತು. ಸಾವಿರದ ಹತ್ತಿರ ಒಂದು ಸಲ ಕಟ್ಟಿಬಿಟ್ಟರೆ ಬದುಕಿರುವ ತನಕ ಇನ್‌ಕಮಿಂಗು. ಯಾರ ಬದುಕು ಎಂದು ಆಗ ಯಾರೂ ಕೇಳಲಿಲ್ಲ. ಕಂಪನಿಯ ಪರವಾನಗಿಯ ಬದುಕು ಎಂಬುದು ಸಣ್ಣ ಅಕ್ಷರದಲ್ಲಿತ್ತು.

2016ರ ಸೆಪ್ಟೆಂಬರ್ 5ರಂದು ಜಿಯೊ ಬಂತು. ಮರುವರ್ಷದ ಮಾರ್ಚ್‌ವರೆಗೆ ಎಲ್ಲವೂ ಪುಕ್ಕಟೆ. ಕಾಲೇಜು ಹುಡುಗರು ಸಿನಿಮಾ ಇಳಿಸಿಕೊಂಡದ್ದನ್ನೇ ಎಲ್ಲರೂ ಬರೆದರು. ಬದಲಾವಣೆಯ ಬೇರು ಇದ್ದದ್ದು ಇನ್ನೊಂದು ಕಡೆ. ಕಂಪನಿಗಳು ಪರಸ್ಪರ ಕೊಡುತ್ತಿದ್ದ ಆ ಪೈಸೆಯ ದರವನ್ನು ಟ್ರಾಯ್ 2017ರ ಅಕ್ಟೋಬರ್ 1ರಂದು 14 ಪೈಸೆಯಿಂದ 6ಕ್ಕೆ ಇಳಿಸಿತು, 2021ರ ಜನವರಿ 1ರಿಂದ ಸೊನ್ನೆ ಮಾಡಿತು. ಕರೆ ಸ್ವೀಕರಿಸುವುದರಲ್ಲಿ ಕಂಪನಿಗೆ ಇನ್ನು ಕಾಸಿಲ್ಲ ಎಂಬುದು ದರ 6ಕ್ಕೆ ಇಳಿದಾಗಲೇ ಗೊತ್ತಾಗಿತ್ತು. ಬರೀ ಫೋನ್ ಎತ್ತಿಕೊಳ್ಳುವ ಕೋಟ್ಯಂತರ ಗಿರಾಕಿಗಳು ಒಮ್ಮೆಲೇ ಹೊರೆಯಾಗಿ ಕಂಡರು. 2018ರ ಕೊನೆಗೆ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ‘ಕನಿಷ್ಠ ರೀಚಾರ್ಜ್’ ತಂದವು: 28 ದಿನಕ್ಕೆ 35 ರೂಪಾಯಿ ಹಾಕಿಸದಿದ್ದರೆ ಮೊದಲು ಹೊರಹೋಗುವ ಕರೆ ಬಂದ್, ಆಮೇಲೆ ಒಳಬರುವುದೂ ಬಂದ್. ಖಾತೆಯಲ್ಲಿ ಬಾಕಿ ಇರುವವರ ಸೇವೆಯನ್ನು ಹಾಗೆ ಕತ್ತರಿಸಬೇಡಿ ಎಂದು ಟ್ರಾಯ್ ಆ ನವೆಂಬರಿನಲ್ಲಿ ಕಂಪನಿಗಳಿಗೆ ಹೇಳಿತು. ಅಷ್ಟಕ್ಕೇ ಅದು ನಿಂತಿತು. ಲೈಫ್‌ಟೈಮ್ ಕೊಂಡವರೂ ಸಾಲಿನಲ್ಲಿ ನಿಂತು ತಿಂಗಳ ಬಾಡಿಗೆ ಕಟ್ಟತೊಡಗಿದರು.

ಈ ಬದಲಾವಣೆ ಮನೆಮನೆಯಲ್ಲಿ ಹೇಗೆ ಕಂಡಿತು ಎಂಬುದನ್ನು ರೀಚಾರ್ಜ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ತಿಳಿಯುತ್ತಿತ್ತು. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ಅಜ್ಜಿಯೊಬ್ಬರು ಸೆರಗಿನ ಗಂಟಿನಿಂದ ಕೀಪ್ಯಾಡ್ ಸೆಟ್ಟು ಬಿಚ್ಚಿ ಇಟ್ಟು, “ವಾರದಿಂದ ಯಾರ್ದೂ ಫೋನೇ ಬರ್ನಿಲ್ಲ ಕನಪ್ಪ, ಇದು ಕೆಟ್ಟೋಗದ ನೋಡು” ಅಂದರು. ಹುಡುಗ ಬ್ಯಾಟರಿ ತೆಗೆಯಲೂ ಇಲ್ಲ. “ಕೆಟ್ಟಿಲ್ಲ ಕನಜ್ಜಿ, ಕರೆನ್ಸಿ ಮುಗ್ದದ” ಅಂದ. “ನಾ ಯಾರ್ಗೂ ಮಾಡದೇ ಇಲ್ವಲ್ಲಪ್ಪ, ಅದೆಂಗ್ ಮುಗ್ದದು?” ಈ ಪ್ರಶ್ನೆಗೆ ಅವನ ಹತ್ತಿರ ಉತ್ತರವಿರಲಿಲ್ಲ. ಯಾವ ಕಾಲ್ ಸೆಂಟರಿನಲ್ಲೂ ಇರಲಾರದು.

35 ರೂಪಾಯಿ ಹೆಚ್ಚಲ್ಲ ಎಂದವರಿದ್ದರು. ಆ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅಂಗಡಿ ಬೋರ್ಡುಗಳ ಮೇಲೆ ಇನ್ನೂ ಮಾಸದೆ ಉಳಿದಿರುವ 08221, 08227ರ ಲ್ಯಾಂಡ್‌ಲೈನುಗಳಿಗೂ ಬಾಡಿಗೆ ಇತ್ತಲ್ಲವೇ? ಟವರಿಗೆ ಕರೆಂಟು ಬೇಕು, ಡೀಸೆಲ್ಲು ಬೇಕು, ಜಾಗದ ಒಡೆಯನಿಗೆ ಬಾಡಿಗೆ ಬೇಕು. ನಂಬರನ್ನು ಜೀವಂತ ಇಡುವುದಕ್ಕೆ ಖರ್ಚಿದೆ ಎಂದರೆ ನಾನು ಒಪ್ಪುತ್ತೇನೆ. ನನ್ನ ತಕರಾರು ಆಮೇಲಿನ ಏಣಿಯ ಬಗ್ಗೆ. ಏರ್‌ಟೆಲ್ಲಿನ ಕೆಳಗಿನ ಮೆಟ್ಟಿಲನ್ನೇ ನೋಡಿ: 2021ರ ಜುಲೈಯಲ್ಲಿ 79, ನವೆಂಬರಿನಲ್ಲಿ 99. 2023ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಕೆಲವು ವಲಯಗಳಲ್ಲಿ ಆ 99ನ್ನೂ ತೆಗೆದು 155. 2024ರ ಜುಲೈಯಲ್ಲಿ 199. ವೊಡಾಫೋನ್ ಐಡಿಯಾದ್ದೂ 199, ಜಿಯೊದ್ದು 189. ಆ ದುಡ್ಡಿಗೆ ಎರಡು ಜಿಬಿ ಡೇಟಾ, ಲೆಕ್ಕವಿಲ್ಲದಷ್ಟು ಕರೆ, ಇಷ್ಟು ಎಸ್ಸೆಮ್ಮೆಸ್ಸು ಎಂದು ಪಟ್ಟಿ ಕೊಟ್ಟರು. ಕೀಪ್ಯಾಡ್ ಸೆಟ್ಟಿನ ಅಜ್ಜಿಗೆ ಎರಡು ಜಿಬಿ ಕೊಡುವುದು ಹಲ್ಲಿಲ್ಲದವರಿಗೆ ಕಡಲೆ ತೂಗಿ ಕೊಟ್ಟಂತೆ. 28 ದಿನದ ತಿಂಗಳು ಎಂಬ ಪಂಚಾಂಗವೂ ಈ ಕಂಪನಿಗಳದೇ ಸೃಷ್ಟಿ. ಅದರಲ್ಲಿ ವರ್ಷಕ್ಕೆ ಹದಿಮೂರು ತಿಂಗಳು ಬರುತ್ತವೆ. 35ರ ಕಾಲದಲ್ಲಿ ವರ್ಷಕ್ಕೆ 455 ಆಗುತ್ತಿದ್ದದ್ದು 199ರಲ್ಲಿ 2,587. ಅಜ್ಜಿಗೆ ಸಿಗುತ್ತಿರುವುದು ಆಗಲೂ ಈಗಲೂ ಒಂದೇ: ಮಗಳ ಫೋನು ಬಂದರೆ ರಿಂಗಾಗುವುದು.

ಬ್ಯಾಂಕು, ಪಿಂಚಣಿ, ಪಡಿತರ, ಗೃಹಲಕ್ಷ್ಮಿ ಎಲ್ಲದಕ್ಕೂ ನಂಬರು ಜೋಡಿಸಿ ಆಗಿದೆ. ಒಟಿಪಿ ಬಾರದೆ ಹೋದರೆ ಕೆಲಸ ನಿಲ್ಲುತ್ತದೆ. ಹೀಗಾಗಿ ‘ಬೇಡವಾದರೆ ಬಿಡಿ’ ಎನ್ನುವ ಮಾರುಕಟ್ಟೆಯ ಮಾತು ಇಲ್ಲಿ ನಡೆಯುವುದಿಲ್ಲ. ಇಪ್ಪತ್ತು ರೂಪಾಯಿ ಬಾಕಿ ಇದ್ದರೆ ಸಿಮ್ ಸಾಯುವುದಿಲ್ಲ ಎಂಬ ಸುದ್ದಿ ವಾಟ್ಸಾಪಿನಲ್ಲಿ ಆಗಾಗ ಓಡಾಡುತ್ತದೆ. ಆ ನಿಯಮ 2013ರದ್ದು. ತೊಂಬತ್ತು ದಿನ ಬಳಸದ ನಂಬರನ್ನು ಬೇರೆಯವರಿಗೆ ಕೊಡದಂತೆ ಉಳಿಸಿಕೊಳ್ಳುವ ದಾರಿ ಅದು. ನಂಬರು ಉಳಿಯುತ್ತದೆ, ಕರೆ ಬರುವ ಖಾತರಿ ಅದರಲ್ಲಿಲ್ಲ. ಸುದ್ದಿ ಹಂಚುವವರು ಇಷ್ಟನ್ನು ಸೇರಿಸಿದ್ದರೆ ಎಷ್ಟೋ ಜನ ಅಂಗಡಿಗೆ ಸುಮ್ಮನೆ ಅಲೆಯುವುದು ತಪ್ಪುತ್ತಿತ್ತು.

ಟ್ರಾಯ್ ಕಣ್ಣು ಬಿಟ್ಟದ್ದು 2024ರ ಡಿಸೆಂಬರಿನಲ್ಲಿ. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕು ಇರಲೇಬೇಕು ಎಂದಿತು. ತತ್ವ ಸರಿಯಾಗಿಯೇ ಇತ್ತು. ಕಂಪನಿಗಳು ಅದನ್ನು ಪಾಲಿಸಿದ ಬಗೆ ನೋಡಿ: ಏರ್‌ಟೆಲ್ 84 ದಿನಕ್ಕೆ 469 ರೂಪಾಯಿ, ವರ್ಷಕ್ಕೆ 1,849, ಜಿಯೊ 84 ದಿನಕ್ಕೆ 448, ಉದ್ದದ ಪ್ಯಾಕು 1,748 ರೂಪಾಯಿಗೆ 336 ದಿನ. ಒಂದೇ ಸಲ ನಾನೂರೈವತ್ತು ಎತ್ತಿಕೊಡಲು ಆಗದವರಿಗಾಗಿಯೇ ಅಲ್ಲವೇ ಈ ಆದೇಶ ಬಂದದ್ದು? 28 ದಿನದ, ನೂರು ರೂಪಾಯಿಯೊಳಗಿನ ಮಾತಿನ ಪ್ಯಾಕನ್ನು ಟ್ರಾಯ್ ಕಡ್ಡಾಯ ಮಾಡಲಿಲ್ಲ, ಅವರೂ ಕೊಡಲಿಲ್ಲ. ಜಿಯೊ ಭಾರತ್ ಫೋನಿನ 123 ರೂಪಾಯಿ ಪ್ಯಾಕು ಈ ಜಾಗಕ್ಕೆ ಹತ್ತಿರ ಬರುತ್ತದೆ, ಮೊದಲಿಗೆ 999ಕ್ಕೆ ಬಂದ ಆ ಸೆಟ್ಟು ಕೆಲಸಕ್ಕೂ ಬರುತ್ತದೆ. ಆದರೆ ಅದಕ್ಕೆ ಬೇರೆ ಕಂಪನಿಯ ಸಿಮ್ಮು ಹಾಕುವಂತಿಲ್ಲ. ಸೆಟ್ಟು ನಮ್ಮದು, ಬಾಗಿಲ ಬೀಗದ ಕೈ ಅವರದು.

ಇಷ್ಟು ಕೊಟ್ಟ ಮೇಲಾದರೂ ಕರೆ ಬರುತ್ತದೆಯೇ? ನಂಜನಗೂಡೂ ನರಸೀಪುರವೂ ಒಂದೇ ಹೆದ್ದಾರಿಯ ಮೇಲಿವೆ. ಕೋಯಿಕ್ಕೋಡಿನಿಂದ ಬಂಡೀಪುರ, ಗುಂಡ್ಲುಪೇಟೆ ದಾಟಿ, ಮೈಸೂರು ಮುಟ್ಟಿ ಕೊಳ್ಳೇಗಾಲಕ್ಕೆ ಹೋಗುವ 766. ರಸ್ತೆಯ ಮೇಲೆ 5ಜಿ ಗುರುತು ಮಿನುಗುತ್ತಿರುತ್ತದೆ. ಹೆಡಿಯಾಲದ ಕಾಡಂಚಿಗೋ ಹೊಳೆದಂಡೆಯ ತಗ್ಗಿಗೋ ಇಳಿದರೆ ಗುರುತು ಒಂದೊಂದೇ ಕಡ್ಡಿ ಕಳೆದುಕೊಳ್ಳುತ್ತದೆ. ಇಲ್ಲಿ ಸೆಟ್ಟಿನ ಬ್ಯಾಂಡು ಲೆಕ್ಕಕ್ಕೆ ಬರುತ್ತದೆ. 700, 850, 900 ಮೆಗಾಹರ್ಟ್ಸಿನ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ತೂರುತ್ತವೆ. 5ಜಿಗೆ ಹೆಚ್ಚಾಗಿ ಬಳಸುವ 3,500ರ ಅಲೆ ವೇಗದ್ದು, ಆದರೆ ಅದಕ್ಕೆ ಟವರು ಹತ್ತಿರ ಬೇಕು. 2024ರ ಜುಲೈಯಲ್ಲಿ ದರ ಏರಿದಾಗ ಸಿಟ್ಟಿಗೆದ್ದ ಬಹಳ ಜನ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆದರು. ಬಿಎಸ್‌ಎನ್‌ಎಲ್ ತನ್ನ 4ಜಿಯನ್ನು 700 ಮತ್ತು 2,100ರಲ್ಲಿ ಕಟ್ಟಿದೆ. ಸೆಟ್ಟಿನಲ್ಲಿ ಬ್ಯಾಂಡ್ 28 ಇಲ್ಲದಿದ್ದರೆ ಆ 700ರ ಅಲೆ ಮನೆಯೊಳಗೆ ಬಂದಿದ್ದರೂ ಫೋನಿಗೆ ತಿಳಿಯುವುದಿಲ್ಲ. ಪೋರ್ಟ್ ಆಗಿ ನಿರಾಶರಾದವರಲ್ಲಿ ಕೆಲವರ ಸಮಸ್ಯೆ ಸಿಮ್ಮಿನದ್ದಲ್ಲ, ಸೆಟ್ಟಿನದ್ದು. ಇದನ್ನು ಹೇಳಬೇಕಾದವರು ವಿಮರ್ಶಕರೇ. ಅವರು ಕ್ಯಾಮೆರಾದಲ್ಲಿ ಸೂರ್ಯಾಸ್ತ ತೆಗೆಯುತ್ತಿರುತ್ತಾರೆ.

ಕಡ್ಡಿ ಪೂರ್ತಿ ಇದ್ದೂ ಕರೆ ಹೋಗದ ಸ್ಥಿತಿ ಬೇರೆ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವ ಹೊತ್ತಿಗೆ, ನರಸೀಪುರದ ಸಂಗಮದಲ್ಲಿ ಕುಂಭಮೇಳ ನಡೆಯುವಾಗ, ಸಿಗ್ನಲ್ ತುಂಬಿರುತ್ತದೆ, ಮಾತು ಹೊರಡುವುದಿಲ್ಲ. ಟವರು ಕಾಣುತ್ತಿದೆ ಎಂಬುದೇ ಕಡ್ಡಿಯ ಅರ್ಥ. ಟವರಿನಲ್ಲಿ ಜಾಗ ಇದೆ ಎಂಬುದನ್ನು ಅದು ಹೇಳುವುದಿಲ್ಲ. ಜಾತ್ರೆಯಲ್ಲಿ ಇದನ್ನು ನಾನು ಕ್ಷಮಿಸುತ್ತೇನೆ. ಆ ಜನಜಂಗುಳಿಗೆ ತಕ್ಕ ಟವರನ್ನು ವರ್ಷವಿಡೀ ನಿಲ್ಲಿಸಿ ಎನ್ನುವುದು ಅನ್ಯಾಯ. ಏನೂ ವಿಶೇಷವಿಲ್ಲದ ಸೋಮವಾರ ಸಂಜೆಯೂ ಹಾಗೇ ಆದರೆ ಕ್ಷಮಿಸಲು ಕಾರಣವಿಲ್ಲ.

ತಪ್ಪಿದ ಕರೆಗೆ ಪರಿಹಾರ ಕೇಳುವ ಪ್ರಯತ್ನವೂ ಒಮ್ಮೆ ಆಗಿದೆ. ಮಧ್ಯೆ ಕಡಿದುಹೋದ ಕರೆಗೆ ಒಂದು ರೂಪಾಯಿ ವಾಪಸ್ ಕೊಡಬೇಕೆಂದು ಟ್ರಾಯ್ 2015ರಲ್ಲಿ ವಿಧಿಸಿತ್ತು. 2016ರ ಮೇ 11ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 2024ರ ಗುಣಮಟ್ಟ ನಿಯಮಗಳಲ್ಲಿ ಇನ್ನೊಂದು ದಾರಿ ಇದೆ: ಜಾಲ 24 ಗಂಟೆಗಿಂತ ಹೆಚ್ಚು ಹೊತ್ತು ಸ್ತಬ್ಧವಾದರೆ ಪ್ರಿಪೇಯ್ಡ್ ಗಿರಾಕಿಗೆ ಅಷ್ಟು ದಿನದ ವ್ಯಾಲಿಡಿಟಿ ಮುಂದಕ್ಕೆ ಹಾಕಿಕೊಡಬೇಕು. ಓದಿ ಖುಷಿಯಾಯಿತು. ಅಳತೆಯ ಘಟಕ ಜಿಲ್ಲೆ ಎಂಬಲ್ಲಿಗೆ ಬಂದಾಗ ಖುಷಿ ಇಳಿಯಿತು. ಮಳೆಗಾಲದಲ್ಲಿ ಕಾಡಂಚಿನ ಒಂದು ಟವರು ಕರೆಂಟಿಲ್ಲದೆ, ಡೀಸೆಲ್ ಬರದೆ ಮೂರು ದಿನ ಮಲಗಿದರೂ ಮೈಸೂರು ಜಿಲ್ಲೆ ಮಲಗಿದಂತಾಗುವುದಿಲ್ಲ. ಆ ಟವರಿನ ಕೆಳಗಿನ ಊರುಗಳವರ 28 ದಿನದಲ್ಲಿ ಮೂರು ಕಳೆದೇ ಹೋಗುತ್ತವೆ, ಮೊದಲ ದಿನವೇ ಕರೆನ್ಸಿ ಹಾಕಿಸಿಕೊಂಡ ತಪ್ಪಿಗೆ. ಟವರು ಯಾವ ಗಂಟೆಗೆ ಕೆಟ್ಟಿತು, ಯಾವ ಗಂಟೆಗೆ ಎದ್ದಿತು, ಅದಕ್ಕೂ ಮುಂಚೆ ಯಾವ ಯಾವ ಸಿಮ್ಮುಗಳು ಅದಕ್ಕೆ ಅಂಟಿಕೊಂಡಿದ್ದವು ಎಂಬುದೆಲ್ಲ ಕಂಪನಿಯ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಪ್ಯಾಕು ಮುಗಿದ ಕ್ಷಣವನ್ನು ಹಿಡಿದು ಮೆಸೇಜು ಕಳಿಸುವ ಯಂತ್ರಕ್ಕೆ ಆ ಸಿಮ್ಮುಗಳಿಗೆಲ್ಲ ಮೂರು ದಿನ ಸೇರಿಸುವುದು ಕಷ್ಟದ ಕೆಲಸವಲ್ಲ. ಟ್ರಾಯ್ ತನ್ನ ನಿಯಮದಲ್ಲಿ ‘ಜಿಲ್ಲೆ’ ಎಂದಿರುವ ಕಡೆ ‘ಟವರು’ ಎಂದು ತಿದ್ದಿದರೆ ಸಾಕು.